ಬೆಲೆ ಇಳಿಯುತ್ತಿರುವ ಹಳೆಯ ಡಿಜಿಟಲ್ ಕ್ಯಾಮೆರಾ: ಇಟ್ಟುಕೊಳ್ಳುವುದೋ, ಮಾರುವುದೋ?

ಬೀರು ತೆರೆದರೆ ಮೂರು ಕ್ಯಾಮೆರಾ ಚೀಲ. ಒಂದರಲ್ಲಿ ಹನ್ನೆರಡು ವರ್ಷದ ಹಿಂದಿನ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಇನ್ನೊಂದರಲ್ಲಿ ಚಾರ್ಜರ್ ಎಲ್ಲಿಟ್ಟೆವೆಂದು ಮರೆತೇ ಹೋಗಿರುವ ಪುಟ್ಟ ಕಾಂಪ್ಯಾಕ್ಟ್. ಮೂರನೆಯದರಲ್ಲಿ ಎರಡು ವರ್ಷದ ಹಿಂದೆ ಆಸೆಪಟ್ಟು ಕೊಂಡ, ಆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್. ಫೋಟೊ ತೆಗೆಯುವುದು ಮಾತ್ರ ಜೇಬಿನಲ್ಲಿರುವ ಫೋನಿನಿಂದ.

ಇಂಥ ಬೀರು ಇರುವವರು ನನ್ನನ್ನು ಕೇಳುವ ಪ್ರಶ್ನೆ ಯಾವಾಗಲೂ ಮೊದಲ ಚೀಲದ್ದು: "ಇದರ ಬೆಲೆ ದಿನೇದಿನೇ ಇಳೀತಿದೆ, ಈಗಲೇ ಮಾರಿಬಿಡಲಾ?" ಮೂರನೆಯ ಚೀಲದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ದುಡ್ಡು ಕರಗುತ್ತಿರುವುದು ಅಲ್ಲೇ. ಹನ್ನೆರಡು ವರ್ಷದ ಕ್ಯಾಮೆರಾ ಬೀಳಬೇಕಾದಷ್ಟು ಬಿದ್ದಾಗಿದೆ, ನೆಲ ಮುಟ್ಟಿ ಕೂತಿದೆ. ಎರಡು ವರ್ಷದ್ದು ಇನ್ನೂ ಬೀಳುತ್ತಲೇ ಇದೆ. ನಾವು ಬಿದ್ದದ್ದನ್ನು ನೋಡಿ ಗಾಬರಿಯಾಗುತ್ತೇವೆ, ಬೀಳುತ್ತಿರುವುದರ ಕಡೆ ತಿರುಗಿಯೂ ನೋಡುವುದಿಲ್ಲ. ಈ ಮಾರ್ಗದರ್ಶಿಯ ಲೆಕ್ಕವೆಲ್ಲ ಈ ಒಂದು ತಪ್ಪನ್ನು ಸರಿಪಡಿಸುವುದಕ್ಕೇ.

ಬಿಡುವಿರುವ ಒಂದು ಮಧ್ಯಾಹ್ನ, ಒಂದು ಟಾರ್ಚು, ಒಂದು ಹಾಳೆ, ಚಾರ್ಜ್ ಆದ ಬ್ಯಾಟರಿಗಳು. ಇಷ್ಟಿದ್ದರೆ ಶುರು ಮಾಡಬಹುದು.

ಹಂತ 1: ಕೊಟ್ಟ ಬೆಲೆಯನ್ನು ಮರೆಯಿರಿ

ಹಾಳೆಯ ಮೇಲೆ ಕ್ಯಾಮೆರಾದ ಹೆಸರು ಬರೆಯಿರಿ. ಎಷ್ಟು ಕೊಟ್ಟು ತಂದಿರಿ ಎಂಬುದನ್ನು ಬರೆಯಬೇಡಿ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುವ ಗಾದೆ ಡಿಜಿಟಲ್ ಕ್ಯಾಮೆರಾಗಳಿಗೆಂದೇ ಹುಟ್ಟಿದಂತಿದೆ. 1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರ ಕನಸಿನ ಯಂತ್ರವಾಗಿತ್ತು. ಚಿತ್ರ ಹಿಡಿಯುವ ಅದರ ಸೆನ್ಸರ್ 2.7 ಮೆಗಾಪಿಕ್ಸೆಲ್‌ನದು. ನಾಲ್ಕೇ ವರ್ಷದಲ್ಲಿ, 2003ರಲ್ಲಿ, 6.3 ಮೆಗಾಪಿಕ್ಸೆಲ್‌ನ ಕ್ಯಾನನ್ 300ಡಿ ಹವ್ಯಾಸಿಗಳ ಕೈಗೆಟುಕುವ ಬೆಲೆಗೆ ಬಂತು. ಡಿ1 ಕೊಂಡವರು ಮೋಸ ಹೋದರೇ? ಆ ನಾಲ್ಕು ವರ್ಷ ಅದರಿಂದ ದುಡಿದವರಿಗೆ ನಷ್ಟವೇನೂ ಆಗಲಿಲ್ಲ. ಕಪಾಟಿನಲ್ಲಿಟ್ಟು ಪೂಜೆ ಮಾಡಿದವರಿಗೆ ಆಯಿತು.

"ಅಷ್ಟು ಕೊಟ್ಟು ಇಷ್ಟಕ್ಕೆ ಮಾರುವುದೇ?" ಎಂಬ ಸಂಕಟಕ್ಕೆ ಮಾರುಕಟ್ಟೆ ಕಿವಿಗೊಡುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಕೊಳ್ಳುವವನಿಗೆ ಅದು ಇಷ್ಟು ಸಾವಿರ ಕ್ಲಿಕ್ ಆದ ಒಂದು ಹಳೆಯ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಅಷ್ಟೇ.

ಹಂತ 2: ಎಲ್ಲವನ್ನೂ ಮೇಜಿನ ಮೇಲೆ ಹರಡಿ

ಬಾಡಿ, ಲೆನ್ಸ್, ಚಾರ್ಜರ್, ಬ್ಯಾಟರಿ, ಕೇಬಲ್, ಮುಚ್ಚಳ, ಡಬ್ಬಿ, ಬಿಲ್ಲು, ಎಲ್ಲವೂ ಮೇಜಿಗೆ ಬರಲಿ. ಪ್ರತಿ ಬಾಡಿಯ, ಲೆನ್ಸಿನ ಸೀರಿಯಲ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಮಾರಿದರೂ ಬೇಕು, ಕಳುವಾದರೂ ಬೇಕು. ಯಾವ ಕ್ಯಾಮೆರಾಗೆ ಯಾವುದು ಕಾಣೆಯಾಗಿದೆ ಎಂದು ಪಕ್ಕದಲ್ಲೇ ಬರೆಯಿರಿ. ಕಂಪನಿಯ ಚಾರ್ಜರ್ ಇಲ್ಲದ ಹಳೆಯ ಕ್ಯಾಮೆರಾವನ್ನು ಕೊಳ್ಳುವವರು ಪರೀಕ್ಷಿಸಲಾಗದ ವಸ್ತು ಎಂದೇ ಲೆಕ್ಕ ಹಾಕುತ್ತಾರೆ.

ಹಂತ 3: ನೆನಪನ್ನು ನಂಬಬೇಡಿ, ಫೈಲುಗಳನ್ನು ಎಣಿಸಿ

"ಆಗಾಗ ಬಳಸ್ತೀನಿ" ಎಂದು ನಾನೂ ಹೇಳುತ್ತಿದ್ದೆ. ಒಂದು ದಿನ ಕಂಪ್ಯೂಟರಿನಲ್ಲಿ ಫೋಟೊಗಳನ್ನು ಕ್ಯಾಮೆರಾವಾರು ವಿಂಗಡಿಸಿ ನೋಡಿದರೆ, "ಆಗಾಗ" ಎಂದಿದ್ದ ಬಾಡಿಯಿಂದ ಹದಿನಾಲ್ಕು ತಿಂಗಳಲ್ಲಿ ಒಂದೂ ಫೋಟೊ ಬಂದಿರಲಿಲ್ಲ. ನಾಚಿಕೆಯಾಯಿತು. ಆದರೆ ತೀರ್ಮಾನ ಸುಲಭವಾಯಿತು.

ಕ್ಯಾಮೆರಾದಿಂದ ನೇರವಾಗಿ ಬಂದ ಡಿಜಿಟಲ್ ಫೋಟೊದೊಳಗೆ ಸಾಮಾನ್ಯವಾಗಿ ಎಕ್ಸಿಫ್ ಎಂಬ ಮಾಹಿತಿ ಅಡಗಿರುತ್ತದೆ: ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾವ ದಿನ, ಯಾವ ಫೋಕಲ್ ಲೆಂಗ್ತ್. ಫೋಟೊ ನಿರ್ವಹಿಸುವ ಬಹುತೇಕ ತಂತ್ರಾಂಶಗಳಲ್ಲಿ ಕ್ಯಾಮೆರಾ ಮಾದರಿಯ ಪ್ರಕಾರ ಸೋಸುವ ಸೌಲಭ್ಯವಿದೆ. ಕಳೆದ 12 ತಿಂಗಳನ್ನು ಆರಿಸಿ ಎರಡು ಸಂಖ್ಯೆ ಬರೆದುಕೊಳ್ಳಿ: ಎಷ್ಟು ದಿನ ಆ ಕ್ಯಾಮೆರಾ ಹೊರಗೆ ಬಂತು, ಎಷ್ಟು ಫೋಟೊಗಳನ್ನು ನೀವು ಉಳಿಸಿಕೊಂಡಿರಿ. ಒಟ್ಟು ಕ್ಲಿಕ್ಕುಗಳ ಲೆಕ್ಕ ಬೇಡ. ಒಂದೇ ಸಮಾರಂಭದಲ್ಲಿ ಎಂಟುನೂರು ಕ್ಲಿಕ್ಕಿಸಿ ವರ್ಷವಿಡೀ ಮಲಗಿದ ಕ್ಯಾಮೆರಾ ದಿನಗಳ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಲೆನ್ಸುಗಳಿಗೂ ಇದೇ ಪರೀಕ್ಷೆ ಮಾಡಿ. ಅನೇಕರಿಗೆ ಮಾರಬೇಕಾದದ್ದು ಬಾಡಿಯಲ್ಲ, ಮೂಲೆಯಲ್ಲಿ ಕೂತ ಟೆಲಿಫೋಟೊ ಲೆನ್ಸ್ ಎಂದು ಇಲ್ಲಿ ಗೊತ್ತಾಗುತ್ತದೆ.

ಹಂತ 4: ಇಂದಿನ ಬೆಲೆ, ಮುಂದಿನ ವರ್ಷದ ಇಳಿತ

ಇದೇ ಇಡೀ ಲೆಕ್ಕದ ಹೃದಯ. ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಇಂದಿನ ಬೆಲೆ. ಜಾಹೀರಾತಿನಲ್ಲಿ ಮಾರುವವನು ಕೇಳುತ್ತಿರುವ ಮೊತ್ತ ಕನ್ನಡಿಯೊಳಗಿನ ಗಂಟು. ಆರು ತಿಂಗಳಿಂದ ಮಾರಾಟವಾಗದೆ ಕೂತಿರುವ ವಸ್ತುವಿನ ಬೆಲೆ ಬೆಲೆಯೇ ಅಲ್ಲ. ಮಾರಾಟವಾಗಿ ಮುಗಿದ ವ್ಯವಹಾರಗಳ ಮೊತ್ತ ನೋಡಿ. ಸೆಕೆಂಡ್ ಹ್ಯಾಂಡ್ ಮಾರಾಟ ತಾಣಗಳ ಪೈಕಿ ಕೆಲವು ಇದನ್ನು ತೋರಿಸುತ್ತವೆ. ನಿಮ್ಮದೇ ಮಾದರಿ, ನಿಮ್ಮದೇ ಸ್ಥಿತಿಯ ಹತ್ತು ಮಾರಾಟ ಹುಡುಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಜೊತೆಗೆ ಹಳೆಯ ಕ್ಯಾಮೆರಾ ಕೊಳ್ಳುವ ಎರಡು ಅಂಗಡಿಗಳಲ್ಲಿ ಕೇಳಿ. ಈಗ ಕೈಯಲ್ಲಿ ಎರಡು ಸಂಖ್ಯೆ: ನೇರವಾಗಿ ಮಾರಿದರೆ ಇಷ್ಟು, ಅಂಗಡಿಗೆ ಕೊಟ್ಟರೆ ಇಷ್ಟು.

ಮುಂದಿನ ವರ್ಷದ ಇಳಿತವನ್ನು ಅಂದಾಜಿಸಲು ಜ್ಯೋತಿಷ್ಯ ಬೇಡ. ನಿಮ್ಮದಕ್ಕಿಂತ ಒಂದು ತಲೆಮಾರು ಹಳೆಯ, ಅದೇ ಸಾಲಿನ ಮಾದರಿ ಇಂದು ಎಷ್ಟಕ್ಕೆ ಹೋಗುತ್ತಿದೆ ನೋಡಿ. ನಿಮ್ಮ ಕ್ಯಾಮೆರಾ ಹೊರಟಿರುವ ಊರು ಅದೇ. ನಡುವಿನ ವ್ಯತ್ಯಾಸವನ್ನು ಎರಡು ಮಾದರಿಗಳ ನಡುವಿನ ವರ್ಷಗಳಿಂದ ಭಾಗಿಸಿದರೆ ವರ್ಷದ ಇಳಿತ ಸಿಗುತ್ತದೆ. ಕ್ಯಾಮೆರಾವನ್ನು ಇಟ್ಟುಕೊಳ್ಳಲು ನೀವು ತೆರುವ ವಾರ್ಷಿಕ ಬಾಡಿಗೆ ಅದೇ.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ಎರಡೂ ಕ್ಯಾಮೆರಾಗಳ ಹೊಸ ಬೆಲೆ 100 ಎಂದುಕೊಳ್ಳಿ. ಎರಡು ವರ್ಷದ ಮಿರರ್‌ಲೆಸ್ ಈಗ 60ಕ್ಕೆ ಹೋಗುತ್ತದೆ, ಇನ್ನೊಂದು ವರ್ಷಕ್ಕೆ 47. ಅಂದರೆ ಬಾಡಿಗೆ 13. ಹನ್ನೆರಡು ವರ್ಷದ ಡಿಎಸ್‌ಎಲ್‌ಆರ್ ಈಗ 12ಕ್ಕೆ ಹೋಗುತ್ತದೆ, ಮುಂದಿನ ವರ್ಷ 11. ಬಾಡಿಗೆ 1. ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಮಾರಿ, ಆರು ತಿಂಗಳ ನಂತರ ಮತ್ತೆ ಬೇಕೆನಿಸಿದರೆ? ಹಳೆಯ ಡಿಎಸ್‌ಎಲ್‌ಆರ್ ಅನ್ನು ಅಂಗಡಿಗೆ ಕೊಟ್ಟರೆ 7 ಸಿಗುತ್ತದೆ, ಅಂಗಡಿಯಿಂದ ಮರಳಿ ತರಲು 13 ಬೇಕು. ಆ 6ರ ಅಂತರದಲ್ಲಿ ಆರು ವರ್ಷ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು! ಮಿರರ್‌ಲೆಸ್‌ನಲ್ಲಿ ಲೆಕ್ಕ ತಿರುವುಮುರುವು. ಇಂದು 60ಕ್ಕೆ ಮಾರಿದವನು ಎರಡು ವರ್ಷ ಬಿಟ್ಟು ಅದೇ ಕ್ಯಾಮೆರಾವನ್ನು ಇನ್ನೂ ಕಡಿಮೆಗೆ ಮರಳಿ ಕೊಳ್ಳಬಹುದು.

ಮಿರರ್‌ಲೆಸ್ ಬಳಸುವುದು ವರ್ಷಕ್ಕೆ ಮೂರೇ ದಿನವಾದರೆ, ಆ 13ನ್ನು ಮೂರರಿಂದ ಭಾಗಿಸಿ. ದಿನಕ್ಕೆ ನಾಲ್ಕು ಚಿಲ್ಲರೆ. ನಿಮ್ಮಲ್ಲಿ ಕ್ಯಾಮೆರಾ ಬಾಡಿಗೆಗೆ ಸಿಗುತ್ತದಾದರೆ ಆ ದರದೊಂದಿಗೆ ಹೋಲಿಸಿ, ಉತ್ತರ ತಾನಾಗಿ ಬರುತ್ತದೆ.

ಬೆಲೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮುಂದಿನ ಮಾದರಿ ಘೋಷಣೆಯಾದ ದಿನ ಒಂದು ದೊಡ್ಡ ಮೆಟ್ಟಿಲು. ಹೊಸದನ್ನು ಕೊಂಡವರು ಹಳೆಯದನ್ನು ಮಾರತೊಡಗುವ ಮುಂದಿನ ಎರಡು ಮೂರು ತಿಂಗಳು ಇನ್ನೊಂದು. ಮಾರುವುದೆಂದು ನಿರ್ಧರಿಸಿದ ಮೇಲೆ ಘೋಷಣೆಗೆ ಮೊದಲೇ ಮಾರಿ. ಅದು ತಪ್ಪಿತೆಂದರೆ ಗದ್ದಲ ಅಡಗುವವರೆಗೆ ಕಾಯುವುದೇ ಮೇಲು.

ಕೆಲವು ಕ್ಯಾಮೆರಾಗಳ ಬೆಲೆ ಏರಿದ್ದೂ ಇದೆ. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2020ರ ಹೊತ್ತಿಗೆ ಅದು 90 ಲಕ್ಷಕ್ಕೂ ಕೆಳಗಿಳಿಯಿತು. ಫೋನು ನುಂಗಿದ್ದು ಮುಖ್ಯವಾಗಿ ಕಾಂಪ್ಯಾಕ್ಟ್‌ಗಳನ್ನು. ಆಮೇಲೆ 2000ರ ದಶಕದ ಪುಟ್ಟ ಸಿಸಿಡಿ (ಹಳೆಯ ಬಗೆಯ ಸೆನ್ಸರ್) ಕ್ಯಾಮೆರಾಗಳ ಚಿತ್ರವನ್ನು, ಆ ಗಡುಸು ಫ್ಲಾಶ್‌ಅನ್ನು, ಹೊಸ ಹುಡುಗರು ಮೆಚ್ಚತೊಡಗಿದರು. ಫ್ಯೂಜಿಫಿಲ್ಮ್ ಎಕ್ಸ್100ವಿ 2020ರಲ್ಲಿ ಬಂದದ್ದು. ಸಾಮಾಜಿಕ ಜಾಲತಾಣಗಳಲ್ಲಿ ಹೆಸರಾದ ಮೇಲೆ ಅದರ ಹಳೆಯ ಪ್ರತಿಗಳು ಹೊಸ ಬೆಲೆಗಿಂತ ಹೆಚ್ಚಿಗೆ ಮಾರಾಟವಾದವು. ಹಾಗೆಂದು ಬೀರುವಿನಲ್ಲಿರುವ ಪ್ರತಿ ಕಾಂಪ್ಯಾಕ್ಟೂ ನಿಧಿಯಲ್ಲ. ಆದರೆ ಎಸೆಯುವ ಮೊದಲು ಅದರ ಹೆಸರಿನಲ್ಲಿ ಮುಗಿದ ಮಾರಾಟಗಳನ್ನು ಒಮ್ಮೆ ನೋಡಿ. ಗುಂಗಿನ ಬೆಲೆ ಗುಂಗು ಇಳಿಯುವವರೆಗೆ ಮಾತ್ರ; ಬಳಸದ ಕ್ಯಾಮೆರಾಗೆ ಅಂಥ ಬೆಲೆ ಬಂದರೆ ನಾನಂತೂ ಅದೇ ವಾರ ಮಾರುತ್ತೇನೆ.

ಹಂತ 5: ಆರೋಗ್ಯ ತಪಾಸಣೆ

ಮಾರಿದರೂ ಇಟ್ಟುಕೊಂಡರೂ ಕ್ಯಾಮೆರಾ ಯಾವ ಸ್ಥಿತಿಯಲ್ಲಿದೆ ಎಂದು ತಿಳಿದಿರಲೇಬೇಕು.

ಶಟರ್: ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಪರದೆ ಇದು. ತಯಾರಕರು ಶಟರನ್ನು ಇಂತಿಷ್ಟು ಬಾರಿ ಹಾರಿಸಿ ಪರೀಕ್ಷಿಸಿ ಅಂಕಿ ಪ್ರಕಟಿಸುತ್ತಾರೆ. ನಿಕಾನ್ ಡಿ700, ಕ್ಯಾನನ್ 5ಡಿ ಮಾರ್ಕ್ 3 ಎರಡಕ್ಕೂ 1.5 ಲಕ್ಷ, ನಿಕಾನ್ ಡಿ4ಗೆ 4 ಲಕ್ಷ. ಇದು ಖಾತರಿಯಲ್ಲ, ಅದನ್ನು ದಾಟಿದ ತಕ್ಷಣ ಸಾಯುವುದೂ ಇಲ್ಲ. ಆದರೆ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ ಶಟರ್ ಕೌಂಟ್. ಬಹುತೇಕ ನಿಕಾನ್ ಬಾಡಿಗಳು ಈ ಸಂಖ್ಯೆಯನ್ನು ಫೋಟೊದ ಎಕ್ಸಿಫ್‌ನೊಳಗೇ ಬರೆಯುತ್ತವೆ. ಇತ್ತೀಚಿನ ಒಂದು ಮೂಲ ಜೆಪೆಗ್ ಫೈಲಿದ್ದರೆ ಎಕ್ಸಿಫ್‌ಟೂಲ್‌ನಂಥ ಉಚಿತ ತಂತ್ರಾಂಶ ಓದಿ ಹೇಳುತ್ತದೆ. ಕ್ಯಾನನ್‌ನ ಅನೇಕ ಮಾದರಿಗಳಲ್ಲಿ ಫೋಟೊದಲ್ಲಿ ಸಿಗುವುದಿಲ್ಲ, ಕ್ಯಾಮೆರಾವನ್ನು ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು.

ಸೆನ್ಸರ್: ಲೆನ್ಸಿನ ಅಪರ್ಚರನ್ನು (ಬೆಳಕು ಬರುವ ಕಿಂಡಿ) ಎಫ್16ಕ್ಕೆ ಕಿರಿದಾಗಿಸಿ ಬೆಳ್ಳಗಿನ ಆಕಾಶವನ್ನೋ ಖಾಲಿ ಬಿಳಿ ಪರದೆಯನ್ನೋ ಫೋಕಸ್ ತಪ್ಪಿಸಿ ತೆಗೆಯಿರಿ. ಮಸುಕು ಚುಕ್ಕೆಗಳು ಧೂಳು. ಶುಚಿ ಮಾಡಿದರೆ ಹೋಗುತ್ತವೆ. ನಂತರ ಲೆನ್ಸಿಗೆ ಮುಚ್ಚಳ ಹಾಕಿ ಕೆಲವು ಸೆಕೆಂಡುಗಳ ಎಕ್ಸ್‌ಪೋಶರ್ ಕೊಡಿ. ಕಪ್ಪು ಚಿತ್ರದಲ್ಲಿ ಕೆಂಪು, ನೀಲಿ, ಬಿಳಿ ಬೆಳಕಿನ ಚುಕ್ಕೆಗಳಿದ್ದರೆ ಅವು ಹಾಟ್ ಪಿಕ್ಸೆಲ್‌ಗಳು. ಹಳೆಯ ಸೆನ್ಸರಿನಲ್ಲಿ ನಾಲ್ಕಾರು ಇರುವುದು ಸಹಜ.

ಲೆನ್ಸ್: ಅಪರ್ಚರನ್ನು ಪೂರ್ತಿ ತೆರೆದು ಒಂದು ಬದಿಯಿಂದ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್. ಅಂಥ ಲೆನ್ಸನ್ನು ಉಳಿದವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ; ಫಂಗಸ್ ಹಿಡಿಸಿದ ತೇವ ಉಳಿದವನ್ನೂ ಬಿಡುವುದಿಲ್ಲ. ಟಾರ್ಚಿನ ಬೆಳಕಲ್ಲಿ ನಾಲ್ಕು ಧೂಳಿನ ಕಣ ಕಂಡರೆ ಮಾತ್ರ ಹೆದರಬೇಡಿ, ಹಾಗೆ ನೋಡಿದರೆ ಹೊಸ ಲೆನ್ಸೂ ಕೊಳಕೇ.

ಮಾದರಿಗೆ ಅಂಟಿದ ರೋಗಗಳು: ಇದನ್ನು ಬಹಳ ಜನ ನೋಡುವುದೇ ಇಲ್ಲ. 2005ರ ಕೊನೆಗೆ ಸೋನಿ ತಯಾರಿಸಿದ ಕೆಲವು ಸಿಸಿಡಿ ಸೆನ್ಸರುಗಳ ದೋಷ ಬಯಲಾಯಿತು. ಬಿಸಿ, ತೇವ ಹೆಚ್ಚಿದ್ದ ಕಡೆ ಒಳಗಿನ ಸಂಪರ್ಕ ಕೆಟ್ಟು ಚಿತ್ರ ನೇರಳೆ ಗೆರೆಗಳಾಗುತ್ತಿತ್ತು, ಇಲ್ಲವೇ ಪೂರ್ತಿ ಕಪ್ಪಾಗುತ್ತಿತ್ತು. ಬೇರೆ ಬೇರೆ ಕಂಪನಿಗಳ ಆ ಕಾಲದ ಅನೇಕ ಕಾಂಪ್ಯಾಕ್ಟ್‌ಗಳಲ್ಲಿ ಇದ್ದದ್ದು ಅವೇ ಸೆನ್ಸರು. 2005ರ ಕ್ಯಾನನ್ 5ಡಿಯಲ್ಲಿ ಕನ್ನಡಿಯ ಅಂಟು ಬಿಟ್ಟು ಕನ್ನಡಿಯೇ ಕಳಚುತ್ತಿತ್ತು. 2012ರ ನಿಕಾನ್ ಡಿ600ರಲ್ಲಿ ಸೆನ್ಸರ್ ಮೇಲೆ ಮತ್ತೆ ಮತ್ತೆ ಚುಕ್ಕೆ ಬೀಳುತ್ತಿತ್ತು, 2014ರಲ್ಲಿ ಕಂಪನಿ ಶಟರ್ ಬದಲಿಸಿಕೊಡಲು ಮುಂದಾಯಿತು. 2009ರ ಲೈಕಾ ಎಂ9ನಲ್ಲಿ ಸೆನ್ಸರಿನ ಮೇಲಿನ ಗಾಜೇ ಸವೆಯುತ್ತಿತ್ತು. ಸೆನ್ಸರ್ ಬದಲಿಸಿದ ಎಂ9ಗೂ ಬದಲಿಸದ ಎಂ9ಗೂ ಸೆಕೆಂಡ್ ಹ್ಯಾಂಡ್ ಬೆಲೆಯಲ್ಲಿ ದೊಡ್ಡ ಅಂತರವಿದೆ. ನಿಮ್ಮ ಮಾದರಿಗೆ ಇಂಥ ಚರಿತ್ರೆ ಇದ್ದು ದುರಸ್ತಿ ಮಾಡಿಸಿದ ಕಾಗದವೂ ಇದ್ದರೆ ಜೋಪಾನವಾಗಿಡಿ. ಮಾರುವಾಗ ಅದಕ್ಕೂ ಬೆಲೆ.

ದುರಸ್ತಿ ಮಾಡಿಸಿ ಮಾರಬೇಕೇ ಎಂಬ ಪ್ರಶ್ನೆಗೆ ನನ್ನ ನಿಯಮ ಸರಳ. ಶುಚಿ ಮಾಡಿಸಿ, ದುರಸ್ತಿ ಮಾಡಿಸಬೇಡಿ. ದುರಸ್ತಿಗೆ ಹಾಕಿದ ದುಡ್ಡು ಮಾರಾಟದ ಬೆಲೆಯಲ್ಲಿ ಪೂರ್ತಿ ಮರಳಿ ಬರುವುದು ಅಪರೂಪ. ನೀವೇ ಬಿಚ್ಚಲು ಹೋಗುವುದಂತೂ ಬೇಡವೇ ಬೇಡ. ಫ್ಲಾಶ್ ಇರುವ ಕ್ಯಾಮೆರಾದ ಒಳಗಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು.

ಹಂತ 6: ಸುತ್ತಲಿನ ಸಂಸಾರ ಬದುಕಿದೆಯೇ?

ಬಾಡಿ ಎಂದರೆ ಲೆನ್ಸುಗಳ ಬೀಗದ ಕೈ. ಕೈ ಮಾರಿದರೆ ಪೆಟ್ಟಿಗೆ ತೆರೆಯುವುದು ಹೇಗೆ ಎಂದು ಮೊದಲೇ ಯೋಚಿಸಬೇಕು.

ಕ್ಯಾನನ್‌ನ ಇಎಫ್ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) 1987ರದು. ಈ ಲೆನ್ಸುಗಳು ಕಂಪನಿಯದೇ ಅಡಾಪ್ಟರ್ ಮೂಲಕ ಹೊಸ ಆರ್ ಸರಣಿಯ ಮಿರರ್‌ಲೆಸ್‌ನಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಹಾಗಾಗಿ ಹಳೆಯ ಬಾಡಿ ಹೋದರೂ ಲೆನ್ಸುಗಳು ಅನಾಥವಲ್ಲ. ನಿಕಾನ್‌ನಲ್ಲಿ ಸ್ವಲ್ಪ ತೊಡಕಿದೆ. 1959ರಿಂದ ಬಂದ ಎಫ್ ಮೌಂಟ್ ಲೆನ್ಸುಗಳನ್ನು ಹೊಸ ಝಡ್ ಮಿರರ್‌ಲೆಸ್‌ಗೆ ಜೋಡಿಸಲು ಎಫ್‌ಟಿಝಡ್ ಅಡಾಪ್ಟರ್ ಇದೆ, ಆದರೆ ಮೋಟಾರು ಲೆನ್ಸಿನೊಳಗೇ ಇರುವ ಎಎಫ್-ಎಸ್‌ನಂಥವಕ್ಕೆ ಮಾತ್ರ ಆಟೊಫೋಕಸ್ ಸಿಗುತ್ತದೆ. ಬಾಡಿಯ ಮೋಟಾರನ್ನು ನಂಬಿದ ಎಎಫ್-ಡಿ ಲೆನ್ಸುಗಳು ಕೈಯಿಂದ ತಿರುಗಿಸುವ ಲೆನ್ಸುಗಳಾಗಿಬಿಡುತ್ತವೆ. ನಿಮ್ಮಲ್ಲಿ ನಾಲ್ಕು ಒಳ್ಳೆಯ ಎಎಫ್-ಡಿ ಲೆನ್ಸುಗಳಿದ್ದರೆ ಹಳೆಯ ಡಿ700 ಕವಡೆ ಬೆಲೆಗೆ ಬಂದಿದ್ದರೂ ನಿಮ್ಮ ಪಾಲಿಗೆ ದುಬಾರಿ ವಸ್ತುವೇ. ಮಾರುವುದಾದರೆ ಎಲ್ಲ ಒಟ್ಟಿಗೆ ಮಾರಿ, ಇಲ್ಲವೇ ಬಾಡಿಯನ್ನು ಕೊನೆಗೆ ಮಾರಿ.

ಕೆಲವು ಸಂಸಾರಗಳು ಮುಚ್ಚಿಯೇ ಹೋಗಿವೆ. ಸ್ಯಾಮ್‌ಸಂಗ್ ಎನ್‌ಎಕ್ಸ್, ನಿಕಾನ್ 1, ಕ್ಯಾನನ್ ಇಎಫ್-ಎಂ, ಸೋನಿ ಎ ಮೌಂಟ್ ಇವುಗಳ ತಯಾರಿಕೆ ನಿಂತಿದೆ. ಇವುಗಳಲ್ಲಿ ಬಾಡಿ ಕೆಟ್ಟರೆ ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡ್ ಬಾಡಿಯೇ ಗತಿ. ಬಳಸುತ್ತಿದ್ದರೆ ಧಾರಾಳವಾಗಿ ಬಳಸಿ, ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಬಳಸದಿದ್ದರೆ ಬಾಡಿ, ಲೆನ್ಸ್ ಎಲ್ಲವನ್ನೂ ಒಂದೇ ಗಂಟಾಗಿ, ಆದಷ್ಟು ಬೇಗ ಮಾರಿ.

ಬ್ಯಾಟರಿಯದು ಇನ್ನೊಂದು ಕಥೆ. 2008ರ 5ಡಿ ಮಾರ್ಕ್ 2 ಜೊತೆ ಬಂದ ಎಲ್‌ಪಿ-ಇ6 ಬ್ಯಾಟರಿಯ ವಂಶ ಇಂದಿಗೂ ಮುಂದುವರಿದಿದೆ. ಅಂಥ ಕ್ಯಾಮೆರಾ ಇಟ್ಟುಕೊಳ್ಳಲು ಭಯವಿಲ್ಲ. ಎಲ್ಲೂ ಸಿಗದ ಬ್ಯಾಟರಿಯ ಕಾಂಪ್ಯಾಕ್ಟ್‌ಗೆ ಆಯಸ್ಸು ಕಡಿಮೆ. ಮಾಮೂಲಿ ಎಎ ಸೆಲ್ಲಿನಲ್ಲಿ ಓಡುವ ಹಳೆಯ ಕಾಂಪ್ಯಾಕ್ಟ್‌ಗಳು ಈ ವಿಷಯದಲ್ಲಿ ಚಿರಂಜೀವಿಗಳು.

ಕಾರ್ಡಿನಲ್ಲೂ ಒಂದು ಬಲೆಯಿದೆ. "ಕ್ಯಾಮೆರಾ ಸತ್ತಿದೆ, ಕಾರ್ಡೇ ಓದಲ್ಲ" ಎಂದು ಕೈಬಿಟ್ಟ ಎಷ್ಟೋ ಕ್ಯಾಮೆರಾಗಳು ಸತ್ತಿರುವುದಿಲ್ಲ. ಎಸ್‌ಡಿ ಕಾರ್ಡು ಬಳಸುವ, 2006ಕ್ಕೆ ಮೊದಲಿನ ಬಹುತೇಕ ಕ್ಯಾಮೆರಾಗಳಿಗೆ ಎಸ್‌ಡಿಎಚ್‌ಸಿ (ಆಮೇಲೆ ಬಂದ, ಹೆಚ್ಚು ಜಿಬಿಯ ಎಸ್‌ಡಿ ಕಾರ್ಡು) ಎಂದರೇನೆಂದೇ ಗೊತ್ತಿಲ್ಲ. ಅವಕ್ಕೆ 2 ಜಿಬಿ ಅಥವಾ ಅದಕ್ಕಿಂತ ಕಡಿಮೆಯ ಹಳೆಯ ಎಸ್‌ಡಿ ಕಾರ್ಡೇ ಬೇಕು. ಇಂದಿನ 64 ಜಿಬಿ ಕಾರ್ಡು ಹಾಕಿದರೆ ಸುಮ್ಮನೆ ದೋಷ ತೋರಿಸುತ್ತವೆ. ಒಲಿಂಪಸ್, ಫ್ಯೂಜಿಫಿಲ್ಮ್‌ನ ಅನೇಕ ಹಳೆಯ ಕಾಂಪ್ಯಾಕ್ಟ್‌ಗಳು ಎಕ್ಸ್‌ಡಿ ಎಂಬ ಬೇರೆಯೇ ಬಗೆಯ ಕಾರ್ಡು ಕೇಳುತ್ತವೆ; ಅದು ಈಗ ಹೊಸದಾಗಿ ತಯಾರಾಗುತ್ತಿಲ್ಲ. ಕ್ಯಾಮೆರಾ ಜೊತೆ ಕೆಲಸ ಮಾಡುವ ಕಾರ್ಡೊಂದನ್ನು ಸೇರಿಸಿ ಕೊಟ್ಟರೆ ಬೇಗ ಹೋಗುತ್ತದೆ.

ಹಂತ 7: ಹಳತು ನಿಜಕ್ಕೂ ಸಾಲದೇ?

12 ಮೆಗಾಪಿಕ್ಸೆಲ್ ಡಿ700ರ ಚಿತ್ರ 4256×2832 ಪಿಕ್ಸೆಲ್. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೂ ಸುಮಾರು 14×9 ಇಂಚು ಬರುತ್ತದೆ. 4ಕೆ ಪರದೆಗೆ ಬೇಕಿರುವುದು ಸುಮಾರು 8.3 ಮೆಗಾಪಿಕ್ಸೆಲ್ ಮಾತ್ರ. ಹಾಗಾಗಿ ಮೆಗಾಪಿಕ್ಸೆಲ್ ಕಡಿಮೆಯೆಂಬುದು ಮಾರಲು ಕಾರಣವಲ್ಲ, ನೆಪ. ನಿಜವಾದ ಕಾರಣಗಳು ಬೇರೆ: ಮಬ್ಬು ಬೆಳಕಿನಲ್ಲಿ ಚಿತ್ರ ಒಡೆಯುವುದು, ಓಡಾಡುವ ಮಕ್ಕಳನ್ನೋ ಹಕ್ಕಿಗಳನ್ನೋ ಫೋಕಸ್ ಹಿಡಿಯದಿರುವುದು, ವಿಡಿಯೊ ಇಲ್ಲದಿರುವುದು, ತೂಕ. ಇವುಗಳಲ್ಲಿ ಮೊದಲನೆಯದನ್ನು ಸ್ವಲ್ಪ ಸರಿಪಡಿಸಬಹುದು. ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲು) ತೆಗೆದರೆ ಇಂದಿನ ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯುವ ತಂತ್ರಾಂಶಗಳು ಹದಿನೈದು ವರ್ಷದ ಹಿಂದಿನ ಫೈಲಿನಿಂದಲೂ ಆಗ ಕಾಣದಿದ್ದ ಚಿತ್ರ ಹೊರತೆಗೆಯುತ್ತವೆ. ತೂಕಕ್ಕೆ ಮದ್ದಿಲ್ಲ. ಹೊರಲು ಬೇಸರವಾದ ಕ್ಯಾಮೆರಾ ಎಷ್ಟು ಒಳ್ಳೆಯದಿದ್ದರೂ ಮನೆಯಲ್ಲೇ ಉಳಿಯುತ್ತದೆ.

ಪರೀಕ್ಷೆ ಹೀಗಿರಲಿ. ಎರಡು ವಾರಾಂತ್ಯ ಆ ಕ್ಯಾಮೆರಾ ಒಂದನ್ನೇ, ಒಂದೇ ಲೆನ್ಸಿನೊಂದಿಗೆ ಬಳಸಿ. ಫೋನಿನ ಕ್ಯಾಮೆರಾ ಮುಟ್ಟಬೇಡಿ. ಎರಡನೆಯ ವಾರ ನಿಮ್ಮ ಕೈ ತಾನಾಗಿ ಅದರ ಕಡೆ ಹೋಯಿತೋ, ಹರಕೆ ತೀರಿಸಿದಂತೆ ಎತ್ತಿಕೊಂಡಿರೋ? ಇಲ್ಲಿ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳುವುದು ಕಷ್ಟ.

ಎರಡನೆಯ ಜನ್ಮದ ಸಾಧ್ಯತೆಗಳೂ ಇವೆ. ಹಳೆಯ ನೆಗೆಟಿವ್, ಆಲ್ಬಮ್‌ಗಳನ್ನು ಡಿಜಿಟಲ್ ಮಾಡಲು ಮ್ಯಾಕ್ರೊ ಲೆನ್ಸ್ ಹಾಕಿ ಸ್ಟ್ಯಾಂಡಿಗೆ ಕಟ್ಟಬಹುದು. ಸೆನ್ಸರ್ ಮುಂದಿನ ಫಿಲ್ಟರ್ ತೆಗೆಸಿ ಇನ್‌ಫ್ರಾರೆಡ್ ಚಿತ್ರಗಳಿಗೆ ಮೀಸಲಿಡಬಹುದು. ಎಲೆಗಳು ಹಿಮದಂತೆ ಬೆಳ್ಳಗಾಗುವ ಆ ಲೋಕಕ್ಕೆ ಬೆಲೆ ಬಿದ್ದ ಬಾಡಿಯೇ ಸರಿ, ಏಕೆಂದರೆ ಒಮ್ಮೆ ಮಾರ್ಪಾಡಾದರೆ ಮಾಮೂಲಿ ಫೋಟೊಗೆ ಅದು ಬರುವುದಿಲ್ಲ. ಗಂಟೆಗಟ್ಟಲೆ ಶಟರ್ ಸವೆಸುವ ಟೈಮ್‌ಲ್ಯಾಪ್ಸ್‌ಗೂ ಹಳೆಯದೇ ಲೇಸು. ಆದರೆ ಎಚ್ಚರ: "ಮುಂದೆ ಯಾವಾಗಲಾದರೂ" ಎಂಬ ಮಾತು ಬಂದರೆ ಅದು ಯೋಜನೆಯಲ್ಲ. ದಿನಾಂಕ ಹಾಕಿ.

ಹಂತ 8: ತೀರ್ಮಾನ

ಈಗ ಹಾಳೆಯ ಮೇಲೆ ಪ್ರತಿ ಕ್ಯಾಮೆರಾ ಎದುರು ಎರಡು ವಿಷಯವಿದೆ: ಬಳಸಿದ ದಿನಗಳು, ಮುಂದಿನ ವರ್ಷದ ಇಳಿತ.

ಇಳಿತ ಹೆಚ್ಚು, ಬಳಕೆ ಇಲ್ಲ: ಮಾರಿ, ಈ ತಿಂಗಳೇ. ಇದು ಮೊದಲು ಹೇಳಿದ ಮೂರನೆಯ ಚೀಲ. ಇಳಿತ ಹೆಚ್ಚು, ಬಳಕೆಯೂ ಹೆಚ್ಚು ಎಂದಾದರೆ ಬೆಲೆಯ ಚಿಂತೆ ಬಿಟ್ಟು ಬಳಸಿ, ಅದು ತನ್ನ ಬಾಡಿಗೆ ತಾನೇ ಕಟ್ಟುತ್ತಿದೆ. ಇಳಿತ ಇಲ್ಲ, ಬಳಕೆ ಇದೆ ಎಂದಾದರೆ ಮಾರುವ ಮಾತೇ ಇಲ್ಲ. ಇಷ್ಟು ಅಗ್ಗದ ಸುಖ ಇನ್ನೆಲ್ಲೂ ಸಿಗದು.

ಉಳಿಯುವುದು ಇಳಿತವೂ ಇಲ್ಲ, ಬಳಕೆಯೂ ಇಲ್ಲ ಎಂಬ ಗುಂಪು. ಜನ ಅತಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಇದಕ್ಕೇ, ಹಣದ ದೃಷ್ಟಿಯಿಂದ ಅತಿ ಕಡಿಮೆ ಮುಖ್ಯವಾದದ್ದೂ ಇದೇ. ಮಾರಿದರೆ ಸಿಗುವ ಮೊತ್ತವನ್ನು ಫೋಟೊ ತೆಗೆದು ಜಾಹೀರಾತು ಹಾಕಿ, ಹತ್ತು ಜನರಿಗೆ ಉತ್ತರ ಕೊಡುವ ಶ್ರಮದೊಂದಿಗೆ ತೂಗಿ. ಶ್ರಮವೇ ಭಾರವೆನಿಸಿದರೆ ಕಲಿಯುವ ಹುಡುಗ ಹುಡುಗಿಯರಿಗೆ ಚಾರ್ಜರ್, ಕಾರ್ಡ್ ಸಮೇತ ಕೊಟ್ಟುಬಿಡಿ. ಹೇಗೋ ಏನೋ ಕೆಲಸ ಮಾಡುವ ಕ್ಯಾಮೆರಾ ಬೇಡ, ಎಲ್ಲ ಸರಿಯಿರುವುದನ್ನೇ ಕೊಡಿ. ತೀರ್ಮಾನಕ್ಕೇ ಬರಲಾಗದಿದ್ದರೆ ಡಬ್ಬಿಗೆ ಹಾಕಿ ಮೇಲೆ ಇಂದಿನ ದಿನಾಂಕ ಬರೆಯಿರಿ. ಆರು ತಿಂಗಳು ಡಬ್ಬಿ ತೆರೆಯದಿದ್ದರೆ ಅದೇ ಉತ್ತರ.

ಅಪ್ಪನ ಕ್ಯಾಮೆರಾ, ಮಗು ಹುಟ್ಟಿದಾಗ ಬಳಸಿದ ಕ್ಯಾಮೆರಾ ಇಂಥವು ಈ ಲೆಕ್ಕಕ್ಕೆ ಬರುವುದಿಲ್ಲ. ಇಟ್ಟುಕೊಳ್ಳಿ. ಆದರೆ ನೆನಪಿಗೆ ಒಂದು ಬಾಡಿ ಸಾಕು, ಅದರ ಜೊತೆಗಿನ ಎರಡು ಲೆನ್ಸು, ಫ್ಲಾಶು, ಟ್ರೈಪಾಡ್‌ಗಳನ್ನೆಲ್ಲ ನೆನಪಿನ ಲೆಕ್ಕಕ್ಕೆ ಬರೆಯಬೇಡಿ.

ಹಂತ 9: ಮಾರುವುದಾದರೆ

ಬಾಡಿ, ಲೆನ್ಸ್ ಬೇರೆ ಬೇರೆ ಮಾರಿದರೆ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ. ಬಾಡಿ ಜೊತೆಗೇ ಬರುವ ಕಿಟ್ ಲೆನ್ಸ್ ಮಾತ್ರ ಬಾಡಿಯೊಂದಿಗೇ ಹೋಗಲಿ, ಅದನ್ನು ಒಂಟಿಯಾಗಿ ಕೇಳುವವರು ಕಡಿಮೆ. ಅಂಗಡಿಗೆ ಕೊಟ್ಟರೆ ಕಡಿಮೆ, ಆದರೆ ಅದೇ ದಿನ ಕೈ ತೊಳೆದುಕೊಳ್ಳಬಹುದು. ಬೆಲೆ ಹೆಚ್ಚಿರುವುದನ್ನು ನೇರವಾಗಿ, ಚಿಲ್ಲರೆಯನ್ನೆಲ್ಲ ಅಂಗಡಿಗೆ ಎಂಬುದು ನಾನು ಪಾಲಿಸುವ ಹಂಚಿಕೆ.

ಜಾಹೀರಾತಿಗೆ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ: ಮೌಂಟ್, ಹಿಂದಿನ ಪರದೆ, ಲೆನ್ಸಿನ ಗಾಜು, ಗೀರು ಬಿದ್ದ ಜಾಗ. ಗೀರನ್ನು ಹತ್ತಿರದಿಂದಲೇ ತೋರಿಸಿ. ಒಮ್ಮೆ ಹಿಡಿರಬ್ಬರು ಅಂಟಂಟಾಗಿದ್ದ ಬಾಡಿಯೊಂದನ್ನು ಆ ವಿಷಯ ಹೇಳದೆ ಮಾರಲು ಹೋಗಿ, ಕೊಳ್ಳಲು ಬಂದವರು ಮುಟ್ಟಿದ ಕೂಡಲೇ ಮುಖ ನೋಡಿದ್ದು ನನಗೆ ಇನ್ನೂ ನೆನಪಿದೆ. ಮೊದಲೇ ಹೇಳಿದ್ದರೆ ಬೆಲೆ ಸ್ವಲ್ಪ ಇಳಿಯುತ್ತಿತ್ತು. ಹೇಳದೆ ವ್ಯಾಪಾರವೇ ಹೋಯಿತು.

ಕೈಬಿಡುವ ಮೊದಲು ಕ್ಯಾಮೆರಾದೊಳಗಿನ ನಿಮ್ಮನ್ನು ಅಳಿಸಿ. ಮೆನುವಿನಲ್ಲಿ ಮಾಲೀಕರ ಹೆಸರು, ಕಾಪಿರೈಟ್ ಹೆಸರು ಇರುತ್ತದೆ. ಇಲ್ಲದಿದ್ದರೆ ಹೊಸಬರು ತೆಗೆದ ಪ್ರತಿ ಫೋಟೊದಲ್ಲೂ ನಿಮ್ಮ ಹೆಸರೇ. ವೈಫೈ ಪಾಸ್‌ವರ್ಡ್, ಫೋನಿನ ಜೋಡಣೆ ತೆಗೆಯಿರಿ. ಅನೇಕ ಕಾಂಪ್ಯಾಕ್ಟ್‌ಗಳಲ್ಲಿ ಪುಟ್ಟ ಒಳ ಮೆಮೊರಿ ಇರುತ್ತದೆ, ಕಾರ್ಡು ತೆಗೆದು ನೋಡಿದರೆ ಮರೆತ ಹಳೆಯ ಫೋಟೊಗಳು ಕಾಣಿಸಬಹುದು. ಕಾರ್ಡನ್ನು ಸುಮ್ಮನೆ ಫಾರ್ಮ್ಯಾಟ್ ಮಾಡಿದರೆ ಫೋಟೊಗಳನ್ನು ಮರಳಿ ತೆಗೆಯಬಹುದು. ಕುಟುಂಬದ ಚಿತ್ರಗಳಿದ್ದ ಕಾರ್ಡನ್ನು ನೀವೇ ಇಟ್ಟುಕೊಂಡು ಬೇರೆ ಕಾರ್ಡು ಕೊಡಿ.

ಕೊಳ್ಳುವವರನ್ನು ಜನರಿರುವ ಜಾಗದಲ್ಲಿ, ಹಗಲಿನಲ್ಲಿ ಭೇಟಿಯಾಗಿ, ಅವರದೇ ಕಾರ್ಡಿನಲ್ಲಿ ಹತ್ತು ಫೋಟೊ ತೆಗೆಯಲು ಬಿಡಿ. ಹಣ ಬಂದಿದೆಯೆಂದು ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ನಿಮ್ಮ ಖಾತೆಯಲ್ಲೇ ನೋಡಿ.

ಕೆಟ್ಟು ಕೂತದ್ದನ್ನು "ಬಿಡಿಭಾಗಕ್ಕೆ" ಎಂದು ಬರೆದು ಮಾರಬಹುದು, ಕೊಳ್ಳುವ ದುರಸ್ತಿಗಾರರಿದ್ದಾರೆ. ಯಾರಿಗೂ ಬೇಡವಾದರೆ ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಯ್ಯಿರಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಲೋಹದ ತುದಿಗಳ ಮೇಲೆ ಟೇಪು ಅಂಟಿಸಿ ಬೇರೆಯಾಗಿ ಕೊಡಿ.

ಹಂತ 10: ಇಟ್ಟುಕೊಳ್ಳುವುದಾದರೆ

ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮಾಪಕ ಸಾಕು. ಮಾಪಕ 40ರಿಂದ 50 ಪ್ರತಿಶತದ ನಡುವೆ ನಿಲ್ಲಬೇಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬ್ಯಾಟರಿಯನ್ನು ಕ್ಯಾಮೆರಾದಿಂದ ಹೊರತೆಗೆದು ಅರ್ಧ ಚಾರ್ಜಿನಲ್ಲಿಡಿ. ಪೂರ್ತಿ ತುಂಬಿಸಿಟ್ಟರೂ ಪೂರ್ತಿ ಖಾಲಿಯಿಟ್ಟರೂ ಲಿಥಿಯಂ ಬ್ಯಾಟರಿ ಬೇಗ ಮುದುಕಾಗುತ್ತದೆ. ತಿಂಗಳಿಗೊಮ್ಮೆ ಹೊರಗೆ ತೆಗೆದು ಲೆನ್ಸನ್ನು ಪೂರ್ತಿ ಹಿಂದೆ ಮುಂದೆ ತಿರುಗಿಸಿ ಹತ್ತಿಪ್ಪತ್ತು ಬಾರಿ ಕ್ಲಿಕ್ಕಿಸಿ.

ಬಹುಕಾಲ ಮಲಗಿದ್ದ ಕ್ಯಾಮೆರಾ ಎದ್ದ ಕೂಡಲೇ ದಿನಾಂಕ ಕೇಳಿದರೆ ಕೆಟ್ಟಿತೆಂದು ತಿಳಿಯಬೇಡಿ. ಒಳಗಿನ ಗಡಿಯಾರಕ್ಕೆ ಪುಟ್ಟ ಬೇರೆ ಸೆಲ್ ಇರುತ್ತದೆ, ಅನೇಕ ಮಾದರಿಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ. ತುಂಬಿದ ಬ್ಯಾಟರಿ ಹಾಕಿ ಒಂದೆರಡು ದಿನ ಹಾಗೇ ಬಿಟ್ಟು, ಆಮೇಲೆ ದಿನಾಂಕ ಸರಿಪಡಿಸಿ. ಇದನ್ನು ಮರೆತು ಹೊರಟರೆ ಈ ವಾರಾಂತ್ಯದ ಫೋಟೊಗಳೆಲ್ಲ ಯಾವುದೋ ಹಳೆಯ ವರ್ಷದ ಕಡತದಲ್ಲಿ ಹೋಗಿ ಕೂರುತ್ತವೆ, ಮುಂದಿನ ವರ್ಷ ಮೂರನೆಯ ಹಂತದಲ್ಲಿ ಎಣಿಸಲು ಕುಳಿತಾಗ ಸಿಗುವುದಿಲ್ಲ.